ಸುಣ್ಣದ ತಿಳಿ ಕೇಳಿದೆ, ಸುಣ್ಣದ ಹಾಲು ಕೊಟ್ಟ: ಹಳೇ ಕಾಲ್ಕ್ ಸ್ಟರರ್ ಕೊಳ್ಳುವ ಮುಂಚೆ ಇದನ್ನು ಓದಿ

ಡಾಲಸ್ ಸುತ್ತಮುತ್ತ ಇರುವ ಕನ್ನಡದವರಲ್ಲಿ ರೀಫ್ ಟ್ಯಾಂಕ್ (ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟವರು ಬೆರಳೆಣಿಕೆಯಷ್ಟು ಜನ. ಅವರಿಗಾಗಿಯೇ ಬರೆಯುತ್ತಿದ್ದೇನೆ. "ಊರಿಗೆ ವಾಪಸ್ ಹೋಗ್ತಾ ಇದ್ದೀನಿ, ಎಲ್ಲಾ ಮಾರ್ತಾ ಇದ್ದೀನಿ" ಅಂತ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕಾಲ್ಕ್ ಸ್ಟರರ್ (ಹವಳದ ಟ್ಯಾಂಕಿಗೆ ಸುಣ್ಣದ ನೀರು ಕದಡಿ ಕೊಡುವ ಯಂತ್ರ) ಫೋಟೋ ಹಾಕಿದರೆ ದಯವಿಟ್ಟು ಕೈ ಹಾಕಬೇಡಿ. ಕೊಳ್ಳಲೇಬೇಕು ಅಂದರೆ ಮೋಟಾರ್ ಬಿಚ್ಚಿ ನೋಡಿ ಕೊಳ್ಳಿ. ನಾನು ನೋಡಲಿಲ್ಲ. ನಾಲ್ಕು ವರ್ಷ ಸಾಕಿದ ಹವಳ ಒಂದೇ ರಾತ್ರಿಯಲ್ಲಿ ಹೋಯಿತು. ಬರೆಯೋಕೆ ನಾಚಿಕೆ ಆಗುತ್ತಿದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನನ್ನದು 90 ಗ್ಯಾಲನ್ ಟ್ಯಾಂಕ್, ಸುಮಾರು 340 ಲೀಟರ್. ಹವಳ ಬೆಳೆದ ಹಾಗೆ ಕ್ಯಾಲ್ಸಿಯಂ, ಆಲ್ಕಲಿನಿಟಿ (ನೀರಿನ ಕ್ಷಾರಗುಣ) ಎರಡನ್ನೂ ನೀರಿನಿಂದ ಎಳೆದುಕೊಳ್ಳುತ್ತದೆ. ಅದನ್ನು ತುಂಬಿಸೋಕೆ ದಿನಾ ಎರಡು ಬಾಟಲಿ ಅಳೆದು ಅಳೆದು ಹಾಕುತ್ತಿದ್ದೆ. ಖರ್ಚೂ ಜಾಸ್ತಿ, ತಲೆನೋವೂ ಜಾಸ್ತಿ. ಸುಣ್ಣದ ನೀರಾದರೆ ಎರಡೂ ಒಟ್ಟಿಗೆ ಸಿಗುತ್ತದೆ. ದಿನಾ ಆವಿಯಾಗುವ ಒಂದೂವರೆ ಗ್ಯಾಲನ್ ನೀರಿನ ಜಾಗಕ್ಕೆ ಅದನ್ನೇ ಬಿಟ್ಟರಾಯಿತು. ಇಲ್ಲಿ ವರ್ಷದಲ್ಲಿ ಮುಕ್ಕಾಲು ಭಾಗ ಕಿಟಕಿ ಮುಚ್ಚಿಯೇ ಇರುತ್ತದೆ, ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಸೇರಿ ರಾತ್ರಿ ಪಿಎಚ್ 7.8ಕ್ಕೆ ಇಳಿಯುತ್ತಿತ್ತು. ಅದಕ್ಕೂ ಸುಣ್ಣ ಮದ್ದು. ಜರ್ಮನ್ನರು ಕಾಲ್ಕ್‌ವಾಸರ್ ಅಂತಾರೆ. ನಮ್ಮಜ್ಜಿ ಸುಣ್ಣದ ತಿಳಿ ಅಂತಿದ್ದರು. ಎರಡೂ ಒಂದೇ. ಇಲ್ಲಿನ ಅಂಗಡಿಯಲ್ಲಿ ಉಪ್ಪಿನಕಾಯಿ ಹಾಕೋಕೆ ಅಂತ ಮಾರುವ ಸುಣ್ಣದ ಪುಡಿಯೇ ಸಾಕು.

ಸ್ಟರರ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಿಂತ ಅಕ್ರಿಲಿಕ್ ಕೊಳವೆ, ತಳದಲ್ಲಿ ಸುಣ್ಣ. ಆವಿಯಾದಷ್ಟು ನೀರನ್ನು ತಾನೇ ತುಂಬುವ ಎಟಿಒ ಪಂಪಿನಿಂದ ಆರ್‌ಒ ನೀರು ತಳಕ್ಕೆ ಬರುತ್ತದೆ, ಮೇಲಿನ ತಿಳಿ ಟ್ಯಾಂಕಿನ ಕೆಳಗಿರುವ ಸಂಪ್ ಅನ್ನುವ ತೊಟ್ಟಿಗೆ ಇಳಿಯುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂ ಆಸುಪಾಸು. ಮಿಕ್ಕಿದ್ದು ತಳದಲ್ಲಿ ಕೂರುತ್ತದೆ. ನೀವು ಒಂದು ಚಮಚ ಹೆಚ್ಚು ಹಾಕಿ, ಹತ್ತು ಚಮಚ ಹೆಚ್ಚು ಹಾಕಿ, ತಿಳಿಯ ಖಾರ ಬದಲಾಗುವುದಿಲ್ಲ. ಆದರೆ ಸುಣ್ಣ ತಳದಲ್ಲೇ ಕೂತಿರಬೇಕು. ಮೋಟಾರ್ ಅದನ್ನು ಮೆಲ್ಲಗೆ ಕದಡಬೇಕು ಅಷ್ಟೇ, ಮಜ್ಜಿಗೆ ಕಡೆದ ಹಾಗೆ ಕಡೆಯಬಾರದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಂಪಿನಲ್ಲಿ ಒಬ್ಬ ಮಾರೋಕೆ ಹಾಕಿದ್ದ ಸ್ಟರರ್ ಫೋಟೋದಲ್ಲಿ ಚೆನ್ನಾಗಿತ್ತು. ಹೊಸದರ ಅರ್ಧ ಬೆಲೆ. ಫೋನ್ ಮಾಡಿದೆ. "ಯಾವೂರು ಅಣ್ಣ ನಿಮ್ದು?" ಅಂದ. ಮಂಡ್ಯ ಅಂದೆ. "ಅಯ್ಯೋ, ನಂದೂ ಅಲ್ಲೇ ಪಕ್ಕ!" ಅಷ್ಟೇ, ನಾನು ಬಿದ್ದೆ. ಯಾಕೆ ಮಾರುತ್ತಿದ್ದೀಯಾ ಅಂತ ಕೇಳಿದೆ. "ಮುಂದಿನ ತಿಂಗಳು ಊರಿಗೆ ಹೊರಟೆ ಅಣ್ಣ. ಅಲ್ಲಿ ಹವಳ ಇಟ್ಕೊಳೋಕೆ ಕಾನೂನು ಬಿಡಲ್ವಲ್ಲ." ಇದು ನಿಜವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಹವಳ ಇದೆ. ಆ ಒಂದು ನಿಜದ ಹಿಂದೆ ಉಳಿದ ಸುಳ್ಳೆಲ್ಲ ಸಾಲಾಗಿ ನಡೆದು ಬಂದವು, ನಾನು ಬಾಗಿಲು ತೆಗೆದು ಕೂರಿಸಿದೆ.

ಹೋಗಿ ತಂದೆ. ಅವನ ಗ್ಯಾರೇಜಿನಲ್ಲೇ ಕೈಬದಲಾಯಿತು. ಮೋಟಾರ್ ಇರುವ ತಲೆಯ ಭಾಗಕ್ಕೆ ಕಪ್ಪು ಟೇಪ್ ಸುತ್ತಿತ್ತು. ಇದೇನು ಅಂದರೆ "ಸೌಂಡ್ ಬರಬಾರ್ದು ಅಂತ ಅಣ್ಣ, ರಾತ್ರಿ ಮಕ್ಕಳು ಮಲಗ್ತಾರಲ್ಲ" ಅಂದ. ಮೋಟಾರನ್ನು ಆಗಾಗ ಅಷ್ಟೇ ಓಡಿಸುವ ಟೈಮರ್ ಎಲ್ಲಿ ಅಂದೆ. "ಟೈಮರ್ ಬೇಡ ಅಣ್ಣ, ಸುಮ್ನೆ ಇಪ್ಪತ್ನಾಲ್ಕು ಗಂಟೆ ಓಡಿಸಿ. ತಿಂಗಳಿಗೊಂದು ಸಲ ಸುಣ್ಣ ತುಂಬ್ಸಿ, ಮರೆತುಬಿಡಿ." ಅವನ ಹೆಂಡತಿ ಕಾಫಿ ಕೊಟ್ಟರು. ಕಾಫಿ ಕುಡಿದ ಮನೆಯಲ್ಲಿ ಟೇಪ್ ಕಿತ್ತು ನೋಡುವುದು ಹೇಗೆ, ಅಲ್ವಾ? ದುಡ್ಡನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಅಲ್ಲೇ ನಿಂತು ಕಳಿಸಿದೆ. ವಾಪಸ್ ಕೇಳುವ ದಾರಿಯೇ ಇಲ್ಲದ ಹಾಗೆ ಕಳಿಸಿದೆ. ಇದೂ ನನ್ನ ಬುದ್ಧಿವಂತಿಕೆಯೇ.

ಮನೆಯಲ್ಲಿ ಜೋಡಿಸಿದೆ. ಮೊದಲು ನಾಲ್ಕು ಚಮಚ ಸುಣ್ಣ ಹಾಕಿದೆ. ಕೊಳವೆ ತುದಿಯಿಂದ ಬುಡದವರೆಗೆ ಬೆಳ್ಳಗಾಯಿತು. ಒಂದು ಗಂಟೆ ಆದರೂ ಬಿಳಿ, ಮಾರನೇ ದಿನವೂ ಬಿಳಿ. ಸಂಜೆ ಪಿಎಚ್ 8.5 ತೋರಿಸಿತು. ಯಾಕೋ ಸರಿ ಇಲ್ಲ ಅನ್ನಿಸಿ ಫೋಟೋ ತೆಗೆದು ಅವನಿಗೆ ಕಳಿಸಿದೆ. ಇದು ಹೀಗೇ ಇರಬೇಕಾ ಅಂತ ಕೇಳಿದೆ. ಉತ್ತರ ಈಗಲೂ ಫೋನಿನಲ್ಲಿದೆ:

"ಹಾಲಿನ ಥರ ಇದ್ರೆ ಒಳ್ಳೇದು ಅಣ್ಣ. ಸ್ಟ್ರಾಂಗ್ ಇದೆ ಅಂತ ಅರ್ಥ 💪"

ನಾನು ನಂಬಿದೆ. ಇದೇ ನನಗೆ ತಡೆಯೋಕೆ ಆಗದಿರುವುದು. ನಂಬಿದೆ! ಕಬ್ಬಿನ ಹಾಲಿಗೆ ಸುಣ್ಣ ಬಿಡುವವನ ಕೈ ನೋಡಿಕೊಂಡೇ ಆಲೆಮನೆಯಲ್ಲಿ ಬೆಳೆದವನು ನಾನು. ಸ್ವಲ್ಪ ಜಾಸ್ತಿ ಬಿದ್ದರೆ ಬೆಲ್ಲ ಕಪ್ಪಗಾಗುತ್ತದೆ ಅಂತ ಅಲ್ಲಿ ಚಿಕ್ಕ ಹುಡುಗನಿಗೂ ಗೊತ್ತು. ಅಜ್ಜಿ ಮಡಕೆಯಲ್ಲಿ ಸುಣ್ಣ ಕದಡಿ ರಾತ್ರಿಯಿಡೀ ಬಿಡುತ್ತಿದ್ದರು. ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಿಸದೆ ಬಸಿದುಕೊಳ್ಳುತ್ತಿದ್ದರು. ಇಷ್ಟೆಲ್ಲ ಕಣ್ಣಾರೆ ಕಂಡವನು ಒಂದು ಎಮೋಜಿಗೆ ತಲೆಯಾಡಿಸಿದೆ.

ನಾಲ್ಕನೇ ದಿನ ಸಂಜೆ, ಅವನು ಹೇಳಿದ ಹಾಗೆಯೇ, ತಿಂಗಳಿಗಾಗುವಷ್ಟು ಸುಣ್ಣ ಒಂದೇ ಸಲ ತುಂಬಿಸಿದೆ. ಮಲಗಿದೆ.

ಬೆಳಿಗ್ಗೆ ಐದೂವರೆಗೆ ಮಗಳು ಎಬ್ಬಿಸಿದಳು. "ಅಪ್ಪಾ, ಟ್ಯಾಂಕ್ ತುಂಬಾ ಮೋಡ." ಹೋಗಿ ನೋಡಿದರೆ ಹಿಂದಿನ ಗೋಡೆ ಕಾಣುತ್ತಿಲ್ಲ. ಅಕ್ಕಿ ತೊಳೆದ ನೀರು. ಹೀಟರ್ ಮೇಲೆ, ಪಂಪಿನ ಮೇಲೆ ಬಿಳಿ ಚಕ್ಕೆ ಕಟ್ಟಿದೆ. ಪಿಎಚ್ ಮೀಟರ್ 9.2. ಎರಡು ಕ್ಲೌನ್ ಮೀನು ನೀರಿನ ಮೇಲ್ಗಡೆ ಬಾಯಿ ಬಿಟ್ಟು ಉಸಿರಿಗೆ ಒದ್ದಾಡುತ್ತಿವೆ. ಸೀಗಡಿ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದೆ. ಆ ಸಾಲು ಕಡ್ಡಿಯಂಥ ಅಕ್ರೊಪೋರಾ ಹವಳ, ಮೈ ಮೇಲಿನ ಚರ್ಮ ಬುಡದಿಂದ ಸುಲಿದು ಎಳೆ ಎಳೆಯಾಗಿ ನೀರಿನಲ್ಲಿ ತೇಲುತ್ತಿದೆ. ಒಳಗೆ ಬರೀ ಬಿಳಿ ಎಲುಬು. ಟಾರ್ಚ್ ಹವಳ ಒಂದು ಕಾಲದಲ್ಲಿ ಎರಡೇ ತಲೆ ಇದ್ದದ್ದು, ಹನ್ನೊಂದು ತಲೆ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಕಂದು ಲೋಳೆಯಾಗಿ ಕರಗಿತು. ಆ ವಾಸನೆ ಎರಡು ದಿನ ನಡುಮನೆಯಲ್ಲಿತ್ತು.

ಮೋಟಾರ್, ಎಟಿಒ ಎರಡೂ ಕಿತ್ತೆ. ಹಳೇ ಸ್ನೇಹಿತರೊಬ್ಬರು ಫೋನಿನಲ್ಲೇ ಹೇಳಿಕೊಟ್ಟರು: ಸಾದಾ ಸೋಡಾ ನೀರು, ನಿಂಬೆ, ಸಕ್ಕರೆ ಏನೂ ಇಲ್ಲದ್ದು, ಸಂಪಿನಲ್ಲಿ ನೀರು ಜೋರಾಗಿ ಹರಿಯುವ ಕಡೆ ಸ್ವಲ್ಪ ಸ್ವಲ್ಪ ಬಿಡು, ಮೀಟರ್ ನೋಡ್ತಾ ಇರು. ಬಿಟ್ಟೆ. ಪಿಎಚ್ ಇಳಿಯಿತು. ಮೀನು ಉಳಿದವು. ಹವಳಕ್ಕೆ ಆಗಲೇ ಹೊತ್ತು ಮೀರಿತ್ತು. ಆಲ್ಕಲಿನಿಟಿ ಬೆಳಿಗ್ಗೆ 13 ಇದ್ದದ್ದು ಮಾರನೇ ದಿನ 6. ಎಲ್ಲಾ ಸುಣ್ಣಕಲ್ಲಾಗಿ ಪಂಪಿಗೆ ಮೆತ್ತಿಕೊಂಡಿತು.

ಈಗ ಅವನ ಉತ್ತರಗಳನ್ನು ಕೇಳಿ. ಗಮನಿಸಿ, ಹವಳ ಸಾಯುವವರೆಗೂ ನಾನು ಅಣ್ಣ.

"ಸರ್, ಸುಣ್ಣ ಜಾಸ್ತಿ ಹಾಕಿರ್ತೀರಿ."

ನೀನೇ ತಾನೇ ತಿಂಗಳಿಗೊಂದು ಸಲ ತುಂಬಿಸು ಅಂದಿದ್ದು ಅಂದೆ. ಎರಡು ಗಂಟೆ ಬಿಟ್ಟು:

"ನೀವು ಹೊಸಬರಾ ಸರ್ ಈ ಹಾಬಿಗೆ?"

ಹಾಲಿನ ಥರ ಇದ್ದರೆ ಒಳ್ಳೆಯದು ಅಂತ ಅವನೇ ಬರೆದದ್ದನ್ನು ಅವನಿಗೇ ವಾಪಸ್ ಕಳಿಸಿದೆ.

"ನನ್ ಹತ್ರ ಇದ್ದಾಗ ಸರಿಯಾಗೇ ಇತ್ತು ಸರ್. ನಿಮ್ಮ ಎಟಿಒ ನೋಡಿಸಿ."

ಎಟಿಒ ಸರಿಯಾಗಿಯೇ ಇತ್ತು. ಇಡೀ ರಾತ್ರಿ ಬಿಟ್ಟಿದ್ದು ಯಾವತ್ತಿನಷ್ಟೇ ನೀರು. ಅದನ್ನೂ ಬರೆದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಗುಂಪಿನಲ್ಲಿ ಹೂವಿನ ಚಿತ್ರದ ಜೊತೆ ಶುಭೋದಯ ಹಾಕಿದ. ನನಗಲ್ಲ, ಎಲ್ಲರಿಗೂ.

ಅವತ್ತು ಸಿಟ್ಟಿಗೆ ಕಪ್ಪು ಟೇಪ್ ಕಿತ್ತೆ. ನಾಲ್ಕು ಸುತ್ತು. ಒಳಗೆ ಕಂಪನಿಯ ಮೋಟಾರೇ ಅಲ್ಲ! ಹಳೇ ಮೋಟಾರಿನ ಸ್ಕ್ರೂ ತೂತುಗಳಿಗೆ ಅಂಟು ತುಂಬಿದ್ದಾನೆ, ಪಕ್ಕದಲ್ಲಿ ಹೊಸದಾಗಿ ಕೊರೆದು ಇನ್ಯಾವುದೋ ಮೋಟಾರ್ ಕೂರಿಸಿದ್ದಾನೆ. ಅದರ ಮೇಲೆ ಅಂಗುಲದಷ್ಟು ಬೆಳ್ಳಿ ಬಣ್ಣದ ಲೇಬಲ್: 60 ಆರ್‌ಪಿಎಂ. ನಿಮಿಷಕ್ಕೆ ಅರವತ್ತು ಸುತ್ತು, ಹಗಲೂ ರಾತ್ರಿ. ಸುಣ್ಣ ತಳಕ್ಕೆ ಇಳಿಯೋದಾದರೂ ಯಾವಾಗ? ಕರಗದ ಸುಣ್ಣವೇ ನೇರವಾಗಿ ನನ್ನ ಹವಳದ ಮೇಲೆ ಹೋಗಿದೆ. ಸೌಂಡ್ ಬರಬಾರದು ಅಂತ ಟೇಪ್ ಅಂತೆ. ಲೇಬಲ್ ಕಾಣಬಾರದು ಅಂತ ಟೇಪ್. ನೆಲದ ಮೇಲೆ ಕೂತು ಆ ಲೇಬಲನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಹೆಂಡತಿ ಬಂದು "ಕಾಫಿ ಕೊಟ್ರು ಅಂದ್ರಲ್ಲ, ಆ ಮನೇದಾ ಇದು?" ಅಂತ ಕೇಳಿದಳು.

ಲೇಬಲ್ ಫೋಟೋ ಸೋಡಾ ನೀರು ಹೇಳಿಕೊಟ್ಟ ಸ್ನೇಹಿತರಿಗೆ ಕಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನೇ ನನಗೂ ಮಾರೋಕೆ ನೋಡಿದ್ದ ಅಂದರು. ಮೋಟಾರ್ ಸುಟ್ಟು ಬೇರೆ ಹಾಕಿದ ಮೇಲೆ ಅವನ ಟ್ಯಾಂಕೂ ಹೀಗೇ ಬೆಳ್ಳಗಾಗಿತ್ತಂತೆ. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟ. ಗೊತ್ತಿದ್ದೂ ಅಣ್ಣ ಅಂದ.

ಇನ್ನೊಂದು ಉಳಿದಿದೆ. ಮುಂದಿನ ತಿಂಗಳು ಊರಿಗೆ ಹೊರಟವನು ಯುಗಾದಿ ಕಾರ್ಯಕ್ರಮದಲ್ಲಿ ಬಿಸಿಬೇಳೆ ಬಾತ್ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ. ಮೂರು ಜನದ ಮುಂದೆ. ನೋಡಿದ. "ಚೆನ್ನಾಗಿದ್ದೀರಾ ಸರ್?" ಅಂದ. ನಾನು ಜಗಳ ಮಾಡಬಹುದಿತ್ತು. ಕೈಯಲ್ಲಿ ತಟ್ಟೆ, ಪಕ್ಕದಲ್ಲಿ ಮಗಳು, ಸುತ್ತ ಅಷ್ಟು ಜನ. "ಹೂಂ, ಚೆನ್ನಾಗಿದ್ದೀವಿ" ಅಂದೆ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆ ಅಂತ ಅವತ್ತು ನನ್ನನ್ನು ನೋಡಿದವರಿಗೆ ಗೊತ್ತು. ಟಿಕೆಟ್ ಯಾವಾಗ ಅಂತಲಾದರೂ ಕೇಳಬೇಕಿತ್ತು.

ನೀವು ಮಾಡಬೇಕಾದ್ದು ಇಷ್ಟೇ. ಹಳೇ ಸ್ಟರರ್ ತಂದರೆ ಮೊದಲು ಬಕೆಟ್ ಮೇಲೆ ಎರಡು ದಿನ ಓಡಿಸಿ. ಹೊರಗೆ ಬರುವ ನೀರು ತಿಳಿಯಾಗಿಲ್ಲದಿದ್ದರೆ ಟ್ಯಾಂಕಿನ ಹತ್ತಿರವೂ ತರಬೇಡಿ, ಯಾರು ಏನೇ ಹೇಳಲಿ. ಟೈಮರ್ ಹಾಕಿ. ತುಂಬಾ ನಿಧಾನವಾಗಿ ತಿರುಗುವ ಮೋಟಾರಾದರೆ ಬೇಡವಾಗಬಹುದು, ಆದರೂ ಹಾಕಿ. ಎಟಿಒ ಪಂಪ್ ಬದಲು ಹನಿ ಹನಿ ಬಿಡುವ ಡೋಸಿಂಗ್ ಪಂಪ್ ಇಟ್ಟರೆ ಇನ್ನೂ ಒಳ್ಳೆಯದು. ಪಿಎಚ್ 8.5 ದಾಟಿದರೆ ತಾನೇ ನಿಲ್ಲುವ ಹಾಗೆ ಕಂಟ್ರೋಲರ್ ಇರಲಿ. ಟೇಪ್ ಸುತ್ತಿದ್ದರೆ ಅವರ ಮುಂದೆಯೇ ಕೀಳಿ. ಕಾಫಿ ಆಮೇಲೆ ಕುಡಿಯಿರಿ.

ನಾನು ಈಗ ಸ್ಟರರ್ ಇಲ್ಲದೆ, ಮುಚ್ಚಳವಿರುವ ಡಬ್ಬದಲ್ಲಿ ಸುಣ್ಣ ಕದಡಿ, ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಡೋಸಿಂಗ್ ಪಂಪಿನಲ್ಲಿ ಬಿಡುತ್ತಿದ್ದೇನೆ. ಅಜ್ಜಿ ಮಾಡಿದ್ದು ಇದನ್ನೇ. ಸತ್ತ ಟಾರ್ಚಿನ ಬುಡ ಇನ್ನೂ ಕಲ್ಲಿನ ಮೇಲಿದೆ, ತೆಗೆಯೋಕೆ ಮನಸ್ಸು ಬರಲಿಲ್ಲ. ಸ್ನೇಹಿತರು ಅವರ ಟ್ಯಾಂಕಿನಿಂದ ಒಂದು ತಲೆ ಕೊಡುತ್ತೇನೆ ಅಂದಿದ್ದಾರೆ.

ಆ ಕೊಳವೆ ನಮ್ಮ ಗ್ಯಾರೇಜಿನಲ್ಲಿದೆ, ಟೇಪ್ ಇಲ್ಲದೆ, ಲೇಬಲ್ ಕಾಣುವ ಹಾಗೆ. ಯಾರಿಗಾದರೂ ನೋಡಬೇಕು ಅನ್ನಿಸಿದರೆ ಬನ್ನಿ, ತೋರಿಸುತ್ತೇನೆ. ಮಾರಾಟಕ್ಕಿಲ್ಲ.