ಮುಂಬೈಯ ಒಂದು ಅಕ್ವೇರಿಯಂ ಅಂಗಡಿ ಮತ್ತು ಅಲ್ಲಿ ಸಿಗುವ ನೀರಿನ ಜರೀಗಿಡ

ಠಾಣೆಯ ನಮ್ಮ ಮನೆಯಲ್ಲಿ ಎರಡು ಅಡಿ ಉದ್ದದ ಮೀನಿನ ತೊಟ್ಟಿಯೊಂದಿದೆ. ಅದಕ್ಕಾಗಿ ಕಳೆದ ಜೂನ್‌ನಿಂದ ಈಚೆಗೆ ಮೂರು ಬಾರಿ, ಮಧ್ಯ ರೈಲ್ವೆಯ ಹಾದಿಯಲ್ಲಿರುವ ಒಂದು ಅಕ್ವೇರಿಯಂ ಅಂಗಡಿಯಿಂದ ‘ವಾಟರ್ ಸ್ಪ್ರೈಟ್’ ಎಂಬ ಹೆಸರಿನ ಗಿಡವನ್ನು ತಂದೆ. ಆ ಹೆಸರು ನಿಜಕ್ಕೂ ಸಲ್ಲುವುದು ನೀರಿನಲ್ಲಿ ಬೆಳೆಯುವ ಒಂದು ಜರೀಗಿಡಕ್ಕೆ (ಫರ್ನ್). ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಏಕೆಂದರೆ ನನಗೆ ಅಲ್ಲಿ ಆದ ತೊಂದರೆಯನ್ನೇ ಬೇರೆ ಎರಡು ಅಂಗಡಿಗಳಲ್ಲೂ ಕಂಡಿದ್ದೇನೆ. ಈ ಗಿಡವನ್ನು ಕೊಳ್ಳಹೊರಟವರಿಗೆ ಯಾವ ಅಂಗಡಿ ಎಂಬುದಕ್ಕಿಂತ ಯಾವ ಗಿಡ ಎಂಬುದು ಹೆಚ್ಚು ಮುಖ್ಯ.

ಮೊದಲು ಅಂಗಡಿಯ ಗುಣವನ್ನು ಹೇಳಬೇಕು. ಗಿಡಗಳನ್ನು ಅವರು ಮೀನಿನ ತೊಟ್ಟಿಗಳಲ್ಲಿ ತುರುಕಿಡುವುದಿಲ್ಲ. ಅಗಲವಾದ ಬಿಳಿ ತಟ್ಟೆಗಳಲ್ಲಿ, ಮೂರು ಬೆರಳು ನೀರಿನಲ್ಲಿ, ದೀಪದ ಕೆಳಗೆ ಇಟ್ಟಿರುತ್ತಾರೆ. ಹೀಗಾಗಿ ಬೇರನ್ನೂ ಬುಡವನ್ನೂ ಕೈಯಲ್ಲಿ ಹಿಡಿದು ನೋಡಲು ಸಾಧ್ಯ. ಒಂದು ಕಟ್ಟಿಗೆ 60 ರೂಪಾಯಿ. ಒದ್ದೆ ಕಾಗದದಲ್ಲಿ ಸುತ್ತಿ, ಗಾಳಿ ತುಂಬಿದ ಚೀಲದಲ್ಲಿ ಕಟ್ಟಿ ಕೊಡುವುದರಿಂದ ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ತಂದರೂ ಎಲೆ ಬಾಡುವುದಿಲ್ಲ. ಕೆಲಸದ ಹುಡುಗ ಕುಂದಾಪುರದ ಕಡೆಯವನು. ನಾನು ಕನ್ನಡದವಳೆಂದು ಗೊತ್ತಾದ ಮೇಲೆ ಒಂದು ಎಲೆಯನ್ನು ಎತ್ತಿ ಹಿಡಿದು, “ಇದು ನಮ್ಮ ಗದ್ದೆಯ ತೋಡಿನಲ್ಲಿ ಇರುವ ಗಿಡವೇ ಅಲ್ವಾ ಅಕ್ಕ? ಇದಕ್ಕೆ ಯಾರಾದರೂ ದುಡ್ಡು ಕೊಡ್ತಾರಾ?” ಎಂದು ಕೇಳಿದ. ಅವನ ಮೊದಲನೆಯ ಪ್ರಶ್ನೆಗೆ ಉತ್ತರ ಹೌದು. ಆದರೆ ಅದನ್ನು ಆ ದಿನ ನಾನು ಹೇಳುವಂತಿರಲಿಲ್ಲ, ಏಕೆಂದರೆ ಅವನ ಕೈಯಲ್ಲಿದ್ದದ್ದು ಒಂದು, ನನ್ನ ಚೀಲದೊಳಗೆ ಹೋದದ್ದು ಇನ್ನೊಂದು.

ಮನೆಗೆ ಬಂದು ಕಟ್ಟು ಬಿಚ್ಚಿದಾಗ ಒಂದು ಉದ್ದನೆಯ ಕಾಂಡ, ಅದರ ಗೆಣ್ಣುಗೆಣ್ಣಿಗೂ ಎದುರುಬದುರಾಗಿ ಎರಡೆರಡು ಎಲೆಗಳು ಕಾಣಿಸಿದವು. ಎಲೆಗಳು ಸೀಳುಸೀಳಾಗಿ ನವುರಾಗಿದ್ದವು, ನಿಜ. ಆದರೆ ಜರೀಗಿಡದ ಎಲೆಗಳು ಹೀಗೆ ಕಾಂಡದ ಮೇಲೆ ಜೋಡಿಯಾಗಿ ಬರುವುದಿಲ್ಲ. ಅದರ ಎಳೆಯ ಎಲೆಯ ತುದಿ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ನನಗೆ ಕೊಟ್ಟದ್ದು ಹೈಗ್ರೊಫಿಲಾ ಡಿಫಾರ್ಮಿಸ್, ವ್ಯಾಪಾರದಲ್ಲಿ ‘ವಾಟರ್ ವಿಸ್ಟೀರಿಯಾ’ ಎಂದು ಕರೆಯುವ ಗಿಡ. ಅದು ಹೂ ಬಿಡುವ ಸಸ್ಯ. ನಮ್ಮ ಅಂಗಳದ ಕನಕಾಂಬರದ ಕುಟುಂಬಕ್ಕೆ ಸೇರಿದ್ದು. ಅಂದರೆ ಬೀಜವನ್ನೇ ಬಿಡದೆ ಪುಡಿಯಂಥ ಬೀಜಾಣುಗಳಿಂದ ಹರಡುವ ಜರೀಗಿಡಕ್ಕೂ ಅದಕ್ಕೂ ನಡುವೆ ಸಸ್ಯಲೋಕದ ಅರ್ಧದಷ್ಟು ದೂರವಿದೆ. ನೀರಿನೊಳಗೆ ಮುಳುಗಿದಾಗ ಎರಡರ ಎಲೆಗಳೂ ಒಂದೇ ರೀತಿ ಸೀಳುವುದರಿಂದ ಮಾರುವವರೂ ಕೊಳ್ಳುವವರೂ ಮೋಸಹೋಗುತ್ತಾರೆ. ಮರುದಿನ ಫೋನಿನಲ್ಲಿ ಫೋಟೋ ಕಳುಹಿಸಿ ವಿಷಯ ತಿಳಿಸಿದೆ. ಮಾಲೀಕರು ವಾದಿಸಲಿಲ್ಲ, ಶನಿವಾರ ಬಂದರೆ ಬದಲಿಸಿ ಕೊಡುವುದಾಗಿ ಹೇಳಿದರು, ಹಾಗೆಯೇ ಕೊಟ್ಟರು, ಹಳೆಯದನ್ನು ಹಿಂದಕ್ಕೆ ಕೇಳಲೂ ಇಲ್ಲ. ಈ ನಡವಳಿಕೆಗಾಗಿ ಅವರಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ತಟ್ಟೆಯ ಮೇಲಿನ ಚೀಟಿ ಇಂದಿಗೂ ಬದಲಾಗಿಲ್ಲ. ಎರಡು ಗಿಡಗಳೂ ಅದೇ ಒಂದು ಹೆಸರಿನಡಿ ಅಕ್ಕಪಕ್ಕ ಕುಳಿತಿವೆ.

ಹೀಗೆ ಬದಲಿಸಿಕೊಂಡಾಗ, ಎರಡನೆಯ ಬಾರಿ ಸಿಕ್ಕಿದ್ದು ನಿಜವಾದ ವಾಟರ್ ಸ್ಪ್ರೈಟ್, ಅಂದರೆ ಸೆರಟಾಪ್ಟೆರಿಸ್ ಥಾಲಿಕ್ಟ್ರಾಯ್ಡಿಸ್. ಕರಾವಳಿಯ ಗದ್ದೆಗಳಲ್ಲಿ, ಕೊಂಕಣ ಮತ್ತು ಗೋವೆಯ ಕೆಸರು ನೆಲಗಳಲ್ಲಿ ಮಳೆಗಾಲದ ನೀರು ನಿಂತಾಗ ಹುಟ್ಟಿ, ನೀರು ಆರುವ ಹೊತ್ತಿಗೆ ಬಾಳು ಮುಗಿಸುವ ಏಕವಾರ್ಷಿಕ ಜರೀಗಿಡ ಇದು. ಜರೀಗಿಡಗಳಲ್ಲಿ ಹೆಚ್ಚಿನವು ಬಹುವಾರ್ಷಿಕಗಳಾದ್ದರಿಂದ ಈ ಸ್ವಭಾವವೇ ಅದರ ವಿಶೇಷ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಇದಕ್ಕೆ ಅಕ್ರಾಸ್ಟಿಕಂ ಥಾಲಿಕ್ಟ್ರಾಯ್ಡಿಸ್ ಎಂದು ಹೆಸರಿಟ್ಟಿದ್ದ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಬ್ರಾಂಗ್ನಿಯಾರ್ ಅದನ್ನು ಬೇರೆ ಮಾಡಿ ಸೆರಟಾಪ್ಟೆರಿಸ್ ಎಂಬ ಹೊಸ ಕುಲದಲ್ಲಿ ಇರಿಸಿದ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ‘ಕೊಂಬಿನ ಜರೀಗಿಡ’ ಎಂದರ್ಥ. ನೀರಿನಲ್ಲಿ ಬೆಳೆಯುವ ಈ ವಿಚಿತ್ರ ಗಿಡಕ್ಕೆ ಸಂಬಂಧಿಕರೇ ಇಲ್ಲವೆಂದು ಭಾವಿಸಿ ಬಹುಕಾಲ ಅದಕ್ಕೆ ಪಾರ್ಕೇರಿಯೇಸಿ ಎಂಬ ಪ್ರತ್ಯೇಕ ಕುಟುಂಬವನ್ನೇ ಕೊಟ್ಟಿದ್ದರು. ಡಿಎನ್‌ಎ ಹೋಲಿಕೆ ಬಂದ ಮೇಲೆ ಆ ಪ್ರತ್ಯೇಕತೆ ನಿಲ್ಲಲಿಲ್ಲ. 2016ರಲ್ಲಿ ಜರೀಗಿಡ ತಜ್ಞರು ಒಟ್ಟಾಗಿ ಪ್ರಕಟಿಸಿದ ವರ್ಗೀಕರಣದಲ್ಲಿ ಇದು ಟೆರಿಡೇಸಿ ಕುಟುಂಬದೊಳಗಿನ ಒಂದು ಸಣ್ಣ ಉಪಕುಟುಂಬದಲ್ಲಿದೆ, ಮತ್ತು ಆ ಉಪಕುಟುಂಬದಲ್ಲಿ ಇದರ ಜೊತೆಗಿರುವ ಇನ್ನೊಂದೇ ಕುಲ ಅಕ್ರಾಸ್ಟಿಕಂ. ಗೋವೆಯ ಕಾಂಡ್ಲಾವನದ ಉಪ್ಪುನೀರಿನ ಕೆಸರಿನಲ್ಲಿ ಆಳೆತ್ತರಕ್ಕೂ ಮೀರಿ ನಿಲ್ಲುವ, ತೊಗಲಿನಂಥ ಎಲೆಯ ಜರೀಗಿಡವೇ ಅಕ್ರಾಸ್ಟಿಕಂ. ಗದ್ದೆಯ ಬದುವಿನ ಈ ಮೆತ್ತನೆಯ ಪುಟ್ಟ ಗಿಡಕ್ಕೆ ಅದೇ ಅತಿ ಹತ್ತಿರದ ಬಂಧು. ಲಿನ್ನೇಯಸ್ ಮೊದಲಿಗೆ ಇಟ್ಟ ಕುಲವೂ ಅದೇ. ಬೇರೆ ಕಾರಣಕ್ಕೆ ಇಟ್ಟದ್ದಾದರೂ ಎರಡೂವರೆ ಶತಮಾನದ ನಂತರ ಆ ಎರಡು ಗಿಡಗಳು ಮತ್ತೆ ಪಕ್ಕಪಕ್ಕದಲ್ಲಿ ಬಂದು ಕುಳಿತದ್ದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಹರಡುವಿಕೆಯ ಮಾತಿಗೆ ಬಂದರೆ, ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾಗಳಿಂದ ಜಪಾನಿನವರೆಗೆ ಮತ್ತು ಉತ್ತರ ಆಸ್ಟ್ರೇಲಿಯಾದವರೆಗೆ ಬಿಸಿ ಸೀಮೆಯ ನಿಂತ ನೀರಿನಲ್ಲೆಲ್ಲ ಇದು ಸಿಗುತ್ತದೆ. 1974ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಲಾಯ್ಡ್ ಈ ಕುಲದಲ್ಲಿ ನಾಲ್ಕು ಪ್ರಭೇದಗಳನ್ನು ಗುರುತಿಸಿದರು. ಉಳಿದ ಮೂರರಲ್ಲಿ ಒಂದು ಬೀಜಾಣುವಿನಲ್ಲಿರುವ ವರ್ಣತಂತುಗಳ ಸಂಖ್ಯೆ 39 ಇದ್ದರೆ ನಮ್ಮ ಗದ್ದೆಯ ಥಾಲಿಕ್ಟ್ರಾಯ್ಡಿಸ್‌ನಲ್ಲಿ ಅದು ಸುಮಾರು ಇಮ್ಮಡಿ. ನೋಟಕ್ಕೆ ಒಂದೇ ಎನಿಸುವ ಈ ಪ್ರಭೇದದೊಳಗೇ ಒಂದಕ್ಕೊಂದು ಸರಿಯಾಗಿ ಕೂಡದ ಹಲವು ಗುಂಪುಗಳಿವೆ ಎಂದು ಜಪಾನಿನ ಸಂಶೋಧಕರು ಕಂಡುಕೊಂಡು, 2010ರಲ್ಲಿ ಕೆಲವನ್ನು ಬೇರೆ ಪ್ರಭೇದಗಳೆಂದೇ ವಿವರಿಸಿದರು. ಆದ್ದರಿಂದ ಅಂಗಡಿಯ ತಟ್ಟೆಯಲ್ಲಿರುವ, ಯಾವ ತೋಟದಿಂದ ಬಂದಿತೆಂದು ಮಾಲೀಕರಿಗೂ ತಿಳಿಯದ ಗಿಡವನ್ನು ಹೆಚ್ಚಾಯಿತೆಂದು ನಾಲೆಗೋ ಕೆರೆಗೋ ಎಸೆಯಬೇಡಿ. ಊರಿನ ಗಿಡವೇ ತಾನೇ ಎಂದು ತೋರಿದರೂ ಅದು ಊರಿನದ್ದೇ ಎನ್ನಲು ಆಧಾರವಿರುವುದಿಲ್ಲ.

ಈಗ ಗಿಡದ ನಡತೆ. ಬದಲಿಸಿ ಕೊಟ್ಟ ಕಟ್ಟಿನಲ್ಲಿ ಎರಡು ಗಿಡಗಳಿದ್ದವು. ಒಂದನ್ನು ತೊಟ್ಟಿಯ ನೀರಿನಲ್ಲಿ ತೇಲಬಿಟ್ಟೆ. ಇನ್ನೊಂದನ್ನು ಗದ್ದೆಯಂತೆ ಇರಲೆಂದು ಮಣ್ಣು ಹಾಕಿದ ಬೋಗುಣಿಯಲ್ಲಿ ನೆಟ್ಟು, ಎರಡು ಬೆರಳು ನೀರು ನಿಲ್ಲಿಸಿ, ಬಾಲ್ಕನಿಯ ಗ್ರಿಲ್ಲಿನ ಬಳಿ ಇಟ್ಟೆ. ತೊಟ್ಟಿಯದು ಇವತ್ತಿಗೂ ಬೆಳೆಯುತ್ತಿದೆ. ಅದರ ಹಳೆಯ ಎಲೆಗಳ ಮೇಲೆ ಮರಿಗಿಡಗಳು ಮೊಳೆತು, ಬೇರು ಬಿಟ್ಟು, ತಾಯೆಲೆ ಕೊಳೆತಾಗ ಕಳಚಿ ತೇಲಿಹೋಗುತ್ತವೆ. ಬಾಲ್ಕನಿಯದು ಮಾತ್ರ ಸೆಪ್ಟೆಂಬರ್‌ನಲ್ಲಿ ಬೇರೆಯೇ ರೂಪ ತಾಳಿತು. ಅಗಲವಾದ ಎಲೆಗಳ ನಡುವಿನಿಂದ ಜಿಂಕೆಯ ಕೊಂಬಿನಂತೆ ಕವಲೊಡೆದ, ಎಲೆಯೆಂದು ಹೇಳಲಾಗದಷ್ಟು ಸಪೂರವಾದ ಎಲೆಗಳು ಮೇಲೆದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಆ ಕವಲಿನ ಎರಡೂ ಅಂಚುಗಳು ಹಿಂದಕ್ಕೆ ಮಡಚಿ, ನಡುವಿನಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿರುತ್ತವೆ. ಬೀಡಿ ಸುತ್ತಿದ ಹಾಗೆ. ಉಗುರಿನಿಂದ ಆ ಅಂಚನ್ನು ಬಿಡಿಸಿದಾಗ ಒಳಗೆ ಸಾಲಾಗಿ ದುಂಡನೆಯ ಬೀಜಾಣು ಚೀಲಗಳು, ಮೊದಲು ಹಸಿರು, ಆಮೇಲೆ ಕಂದು. ಜರೀಗಿಡಗಳ ಒಂದೊಂದು ಚೀಲದಲ್ಲಿ ಸಾಮಾನ್ಯವಾಗಿ 64 ಬೀಜಾಣುಗಳಿದ್ದರೆ ಇದರಲ್ಲಿ ಇರುವುದು 32. ಆದರೆ ಒಂದೊಂದೂ ದಪ್ಪ.

ಅಕ್ಟೋಬರ್ ಕೊನೆಗೆ ಆ ಗಿಡ ಹಳದಿಯಾಯಿತು, ನವೆಂಬರ್‌ನಲ್ಲಿ ಸತ್ತಿತು. ಇದನ್ನು ಅಂಗಡಿಯಲ್ಲಿ ಹೇಳಿದಾಗ ಕಬ್ಬಿಣದ ಅಂಶ ಕಡಿಮೆಯಾಗಿದೆ ಎಂದು 350 ರೂಪಾಯಿಯ ದ್ರವಗೊಬ್ಬರದ ಬಾಟಲಿಯನ್ನು ಮುಂದಿಟ್ಟರು. ನನ್ನ ನಿಜವಾದ ಆಕ್ಷೇಪ ಇರುವುದು ಇಲ್ಲಿ. ಬೀಜಾಣು ಉದುರಿಸಿದ ಏಕವಾರ್ಷಿಕ ಗಿಡ ಸಾಯುವುದು ರೋಗವಲ್ಲ, ಗೊಬ್ಬರದಿಂದ ಅದನ್ನು ನಿಲ್ಲಿಸಲಾಗದು. ಭತ್ತ ಕೊಯ್ಲಿಗೆ ಬಂದಾಗ ಪೈರು ಒಣಗಿತೆಂದು ಯಾರೂ ಗೊಬ್ಬರ ಹಾಕುವುದಿಲ್ಲ. ಮಾರುವ ಗಿಡ ಏಕವಾರ್ಷಿಕವೆಂದು, ನೀರಿನೊಳಗೆ ಮುಳುಗಿಸಿಟ್ಟರೆ ಮರಿಗಳಿಂದ ಮುಂದುವರಿಯುತ್ತದೆಂದು, ಹೊರಗೆ ಬೆಳೆಸಿದರೆ ಬೀಜಾಣು ಬಿಟ್ಟು ಮುಗಿಯುತ್ತದೆಂದು ಚೀಟಿಯಲ್ಲಿ ಎರಡು ಸಾಲು ಬರೆದಿಟ್ಟರೆ ಗಿರಾಕಿಯ ದುಡ್ಡೂ ಉಳಿಯುತ್ತದೆ, ಅಂಗಡಿಯ ಮೇಲಿನ ನಂಬಿಕೆಯೂ ಉಳಿಯುತ್ತದೆ.

ಬಾಟಲಿ ಕೊಳ್ಳದೆ ಮನೆಗೆ ಬಂದು, ಒಣಗಿದ ಕೊಂಬಿನಂಥ ಎಲೆಗಳನ್ನು ಒದ್ದೆ ಇಟ್ಟಿಗೆಯ ಚೂರಿನ ಮೇಲೆ ಕೊಡವಿ, ಗಾಜಿನ ಡಬ್ಬಿಯೊಳಗೆ ಮುಚ್ಚಿಟ್ಟೆ. ಎರಡು ವಾರದಲ್ಲಿ ಇಟ್ಟಿಗೆಯ ಮೇಲೆ ಸಾಸಿವೆಗಿಂತ ಸಣ್ಣದಾದ ಹಸಿರು ಚಕ್ಕೆಗಳು ಎದ್ದವು. ಕೆಲವು ಹೃದಯದ ಆಕಾರದವು, ಕೆಲವು ಬರಿಯ ನಾಲಿಗೆಯಂಥವು. ಜರೀಗಿಡದ ಬೀಜಾಣು ಮೊಳೆತಾಗ ಮೊದಲು ಆಗುವುದು ಇಂಥ ಚಕ್ಕೆ, ಹೊಸ ಗಿಡ ಹುಟ್ಟುವುದು ಆಮೇಲೆ ಅದರ ಮೇಲೆ. ಇದೇ ಕುಲದ ರಿಚರ್ಡಿಯೈ ಎಂಬ ಪ್ರಭೇದವನ್ನು ಪ್ರಯೋಗಾಲಯಗಳಲ್ಲಿ ಬಹಳ ವರ್ಷಗಳಿಂದ ಬೆಳೆಸುತ್ತ ಬಂದಿದ್ದಾರೆ, 2022ರಲ್ಲಿ ಅದರ ಜೀನೋಮ್ ಕೂಡ ಪ್ರಕಟವಾಯಿತು. ಅದರಲ್ಲಿ ಮೊದಲು ಬಲಿತ ಚಕ್ಕೆ ಹೆಣ್ಣು ಗಂಡು ಎರಡೂ ಅಂಗಗಳನ್ನು ಪಡೆದು, ಸುತ್ತಲಿನ ನೀರಿಗೆ ಒಂದು ರಾಸಾಯನಿಕವನ್ನು ಬಿಡುತ್ತದೆ. ತಡವಾಗಿ ಮೊಳೆತವು ಅದರ ಪ್ರಭಾವದಿಂದ ಬರಿಯ ಗಂಡಾಗಿ ನಿಲ್ಲುತ್ತವೆ. ನನ್ನ ಇಟ್ಟಿಗೆಯ ನಾಲಿಗೆಗಳೂ ಅಂಥವೇ ಇರಬೇಕು. ಜನವರಿಯಲ್ಲಿ ಅವುಗಳ ನಡುವಿನಿಂದ ಮೊದಲ ಸುರುಳಿ ಎಲೆ ಬಂದಿತು.

ಮೂರನೆಯ ಕಟ್ಟನ್ನು ಕಳೆದ ವಾರ ಗೆಳತಿಯೊಬ್ಬಳಿಗಾಗಿ ತಂದೆ. ದುಡ್ಡು ಕೊಡುವ ಮೊದಲು ಬುಡವನ್ನು ಎತ್ತಿ ನೋಡಿದೆ: ಎಲ್ಲ ಎಲೆಗಳೂ ಒಂದೇ ಬುಡದಿಂದ ಗೊಂಚಲಾಗಿ ಎದ್ದಿರಬೇಕು, ನಡುವೆ ಒಂದಾದರೂ ಸುರುಳಿ ಇರಬೇಕು, ಗೆಣ್ಣಿನ ಕಾಂಡ ಇರಬಾರದು. ಬೇರಿನ ಎಡೆಯಲ್ಲಿ ಸಣ್ಣ ಬಸವನಹುಳುಗಳು ಪ್ರತಿ ಬಾರಿಯೂ ಸಿಕ್ಕಿವೆ. ಬಕೆಟ್ಟಿನಲ್ಲಿ ಒಂದು ರಾತ್ರಿ ಹಿಡಿದಿಟ್ಟ ನಲ್ಲಿ ನೀರಿನಲ್ಲಿ ಎರಡು ಸಲ ಜಾಲಿಸಿ, ಎಲೆಯ ಅಡಿಗೆ ಅಂಟಿದ ಮೊಟ್ಟೆಗಳನ್ನು ಬೆರಳಿನಿಂದ ಒರೆಸಿ ತೆಗೆದ ಮೇಲೆಯೇ ತೊಟ್ಟಿಗೆ ಬಿಡಿ. ಗಿಡಕ್ಕೆ, ಕಟ್ಟುವ ಬಗೆಗೆ, ಬೆಲೆಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಚೀಟಿಗೆ ಒಂದು.