ಯೂರಿಯಾ, ಎರೆಗೊಬ್ಬರ, ಮರದ ಹೊಟ್ಟು: ಮೂರು ಕುಂಡಗಳ ಕಥೆ

ಒಂದೇ ಗುಡ್ಡೆಯ ಮಣ್ಣು, ಒಂದೇ ಅಳತೆಯ ಮೂರು ಕುಂಡ, ಒಂದೇ ದಿನ ಮೊಳೆತ ಮೂರು ಟೊಮೇಟೊ ಸಸಿ. ಮೊದಲ ಕುಂಡಕ್ಕೆ ಯೂರಿಯಾ ಹಾಕಿದೆ, ಎರಡನೆಯದಕ್ಕೆ ಎರೆಗೊಬ್ಬರ. ಮೂರನೆಯದಕ್ಕೆ ತರಗೆಲೆಯನ್ನೂ ಮರದ ಹೊಟ್ಟನ್ನೂ ಸೇರಿಸಿ ಮಣ್ಣಿಗೆ ಚೆನ್ನಾಗಿ ಕಲಸಿದೆ. ಯಾವುದು ಗೆಲ್ಲುತ್ತದೋ ನೋಡೋಣ ಅಂತ ಸುಮ್ನೆ ಶುರು ಮಾಡಿದ್ದು. ಮೂರೇ ಗಿಡ ಇಟ್ಟುಕೊಂಡು ಇದನ್ನು ಪ್ರಯೋಗ ಅಂತ ಕರೆಯಲು ನನಗೇ ಸಂಕೋಚ. ಆದರೂ ಎರಡು ಬೆಳೆ ಮುಗಿಯುವ ತನಕ ಬಿಡದೆ ನೋಡಿದೆ.

ಲೆಕ್ಕ ಹಾಕಿದರೆ ಎರೆಗೊಬ್ಬರವೇ ಮುಂದಿರಬೇಕಿತ್ತು. ಯೂರಿಯಾ ಹಾಕಿದ್ದು ಅರ್ಧ ಚಮಚ, ಸುಮಾರು 2 ಗ್ರಾಂ. ಅದರಲ್ಲಿ ಸಾರಜನಕ 46%, ಅಂದರೆ 1 ಗ್ರಾಂ ಕೂಡ ಇಲ್ಲ. ಎರೆಗೊಬ್ಬರ ಹಾಕಿದ್ದು 1 ಕೆಜಿ. ಅದರಲ್ಲಿ ಸಾರಜನಕ 1.5% ಅಂತ ಹಿಡಿದರೆ 15 ಗ್ರಾಂ ಆಯಿತು. ಆದರೆ ಹತ್ತು ದಿನದಲ್ಲಿ ಕಡುಹಸಿರಾಗಿ ಎದ್ದು ನಿಂತಿದ್ದು ಯೂರಿಯಾ ಗಿಡ.

ಗಿಡಕ್ಕೆ ಗೊಬ್ಬರ ತಿನ್ನಲು ಬಾಯಿಲ್ಲ, ಅಲ್ವಾ? ನೀರಿನಲ್ಲಿ ಕರಗಿದ್ದನ್ನು ಬೇರು ಹೀರಬೇಕು. ಸಾರಜನಕ ಅದಕ್ಕೆ ಮುಖ್ಯವಾಗಿ ಸಿಗುವುದು ನೈಟ್ರೇಟ್ ಆಗಿ, ಅಮೋನಿಯಂ ಆಗಿ. ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಎರೆಗೊಬ್ಬರದ ಸಾರಜನಕ ಹಾಗಲ್ಲ, ಬಹುಪಾಲು ಗಂಟು ಕಟ್ಟಿಟ್ಟ ಹಣದ ಹಾಗೆ. ಸೂಕ್ಷ್ಮಜೀವಿಗಳು ಬಿಚ್ಚಿಕೊಟ್ಟಷ್ಟು ಮಾತ್ರ ಗಿಡಕ್ಕೆ.

ಯೂರಿಯಾದ ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ತಪ್ಪು ನನ್ನದೇ. ದಿನಾ ಕುಂಡದ ತಳದ ತೂತಿನಿಂದ ನೀರು ಹರಿಯುವಷ್ಟು ಸುರಿಯುತ್ತಿದ್ದೆ. ಜೇಡಿಮಣ್ಣಿನ ಕಣಗಳ ಮೇಲೆ ಇರುವುದು ಋಣ ವಿದ್ಯುದಂಶ. ಹಾಗಾಗಿ ಧನ ವಿದ್ಯುದಂಶವಿರುವ ಅಮೋನಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ ಅಲ್ಲಿ ಅಂಟಿಕೊಂಡು ಕೂರುತ್ತವೆ. ನೈಟ್ರೇಟಿನದೂ ಋಣವೇ ಆದ್ದರಿಂದ ಮಣ್ಣು ಅದನ್ನು ಹಿಡಿದುಕೊಳ್ಳುವುದಿಲ್ಲ, ನೀರಿನ ಜೊತೆ ಹೊರಟುಹೋಗುತ್ತದೆ. ನಾಲ್ಕನೇ ವಾರಕ್ಕೆ ಎಲೆ ಬಿಳಿಚಿಕೊಂಡಿತು. ಮತ್ತೆ ಅರ್ಧ ಚಮಚ ಹಾಕಿದೆ. ಮತ್ತೆ ಹಸಿರು, ಮತ್ತೆ ಎಲೆಯೋ ಎಲೆ. ಹೂವು ಮಾತ್ರ ಎರೆಗೊಬ್ಬರದ ಗಿಡದಲ್ಲೇ ಮೊದಲು ಬಂತು. ಎರೆಗೊಬ್ಬರದ ಗಿಡದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ನಿಧಾನಕ್ಕೆ ಬೆಳೆಯಿತು, ಒಮ್ಮೆಯೂ ಕಾಟ ಕೊಡಲಿಲ್ಲ.

ನನ್ನ ತಲೆ ಕೆಡಿಸಿದ್ದು ಮೂರನೇ ಕುಂಡ. ಸಸಿ ಗೇಣುದ್ದಕ್ಕೇ ನಿಂತುಬಿಟ್ಟಿತು. ತೀರಾ ಕೆಳಗಿನ ಎರಡು ಎಲೆ ತುದಿಯಿಂದ ಹಳದಿಯಾಗುತ್ತಾ ಬಂದವು, ಆಮೇಲೆ ಅವುಗಳ ಮೇಲಿನ ಎರಡು. ನೆತ್ತಿಯ ಚಿಗುರು ಮಾತ್ರ ಸಣ್ಣಗಾದರೂ ಹಸಿರಾಗೇ ಇತ್ತು. ನೀರು ಜಾಸ್ತಿಯಾಯಿತೇನೋ ಅಂತ ನಿಲ್ಲಿಸಿದೆ. ಏನೂ ಬದಲಾಗಲಿಲ್ಲ. ಸಾರಜನಕ ಸಾಲದಿದ್ದರೆ ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಅದಕ್ಕೇ ಹಳದಿ ಕೆಳಗಿನಿಂದ ಏರುತ್ತದೆ. ಕಬ್ಬಿಣದ ಕೊರತೆಯಾಗಿದ್ದರೆ ಹೊಸ ಎಲೆಯೇ ಮೊದಲು ಹಳದಿಯಾಗುತ್ತಿತ್ತು, ಯಾಕೆಂದರೆ ಅದನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ.

ಅಷ್ಟೊಂದು ಎಲೆ, ಹೊಟ್ಟು ಹಾಕಿದ ಮೇಲೂ ಕೊರತೆ ಯಾಕೆ? ಬ್ಯಾಕ್ಟೀರಿಯಾ ತನ್ನ ಮೈ ಕಟ್ಟಿಕೊಳ್ಳಲು ಹೆಚ್ಚುಕಡಿಮೆ 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಮರದ ಹೊಟ್ಟಿನಲ್ಲಿ 1 ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲ. ಹೊಟ್ಟನ್ನು ತಿನ್ನಲು ಕೂತ ಜೀವಿಗಳು ಕಮ್ಮಿ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಬಾಚಿಕೊಂಡವು. ಬೇರಿಗೆ ಉಳಿದದ್ದು ಚೂರುಪಾರು. ಕೊನೆಗೆ ಆ ಕುಂಡಕ್ಕೂ ಚಿಟಿಕೆ ಯೂರಿಯಾವನ್ನು ನೀರಿಗೆ ಕರಗಿಸಿ ಹಾಕಬೇಕಾಯಿತು. ಸ್ಪರ್ಧೆಯ ನಿಯಮ ಅಲ್ಲಿಗೆ ಮುರಿಯಿತು, ಆದರೆ ಗಿಡ ಬದುಕಿತು. ಹಳದಿಯಾದ ಎಲೆಗಳು ಚೇತರಿಸಿಕೊಳ್ಳದೆ ಉದುರಿದವು, ಹೊಸವು ಹಸಿರಾಗೇ ಬಂದವು.

ಪಕ್ಕದಲ್ಲಿ ಅಲಸಂದೆಯ ಕುಂಡವೂ ಒಂದಿತ್ತು. ಅದನ್ನು ಸ್ಪರ್ಧೆಗೆ ಸೇರಿಸಲಿಲ್ಲ, ಅನ್ಯಾಯವಾಗುತ್ತದೆ! ಬೇರಿನ ಗಂಟು ಸೀಳಿದರೆ ಒಳಗೆ ನಸುಗೆಂಪು. ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಅಲ್ಲಿ ಕೂತು ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತಿರುತ್ತದೆ.

ಬೆಳೆ ಮುಗಿದ ಮೇಲೆ ಮೂರೂ ಗಿಡ ಕಿತ್ತು ಬಕೆಟ್ಟಿನಲ್ಲಿ ಬೇರು ತೊಳೆದೆ. ಎರೆಗೊಬ್ಬರದ್ದು ಕೂದಲಿನಂತೆ ದಟ್ಟವಾಗಿ ಕವಲೊಡೆದಿತ್ತು. ಯೂರಿಯಾ ಗಿಡದ ಮೇಲ್ಭಾಗ ಅಷ್ಟು ದೊಡ್ಡದಿದ್ದರೂ ಬೇರು ಸಪ್ಪೆ. ಗಿಡಕ್ಕೆ ಬೇಕಾದ ಇನ್ನೊಂದು ಪೋಷಕಾಂಶ ರಂಜಕ (ಫಾಸ್ಫರಸ್) ಮಣ್ಣಿನಲ್ಲಿ ಸರಿದಾಡುವುದೇ ಕಮ್ಮಿ, ಬೇರೇ ಅದರ ಬಳಿ ಹೋಗಬೇಕು. ಯೂರಿಯಾದಲ್ಲಂತೂ ರಂಜಕ ಇಲ್ಲವೇ ಇಲ್ಲ. ಹಾಗಾಗಿ ಬೇರಿನ ದಟ್ಟಣೆಯನ್ನು ನಾನು ಎಲೆಯ ಬಣ್ಣಕ್ಕಿಂತ ಮೇಲೆ ಇಡುತ್ತೇನೆ.

ಎರಡನೇ ಬೆಳೆಗೆ ಯಾವ ಕುಂಡಕ್ಕೂ ಏನೂ ಹಾಕಲಿಲ್ಲ. ಯೂರಿಯಾ ಕುಂಡದ ಗಿಡ ಸೊರಗಿತು. ಎರೆಗೊಬ್ಬರದ್ದು ಪರವಾಗಿಲ್ಲ. ಹೊಟ್ಟಿನ ಕುಂಡದ ಗಿಡ ಅದಕ್ಕೆ ಸರಿಸಮ ಬೆಳೆಯಿತು, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮೊದಲ ಸಲ ಸಾರಜನಕ ಕಸಿದುಕೊಂಡ ಜೀವಿಗಳು ಸತ್ತು ಕರಗುವಾಗ ಅದು ಮಣ್ಣಿಗೆ ವಾಪಸ್ ಬರುತ್ತದೆ. ಕೆದಕಿ ನೋಡಿದರೆ ಮಣ್ಣು ಕಪ್ಪಗೆ, ಪುಡಿಪುಡಿಯಾಗಿ, ನಡುವೆ ಬಿಳಿ ಶಿಲೀಂಧ್ರದ ಎಳೆಗಳು.

ಈಗ ನೆಡುವಾಗ ಎರೆಗೊಬ್ಬರ ಹಾಕುತ್ತೇನೆ. ಕೆಳಗಿನ ಎಲೆ ಹಳದಿಯಾದರೆ ಮಾತ್ರ ಯೂರಿಯಾ, ಅದೂ ಚಿಟಿಕೆ. ಹೊಟ್ಟನ್ನು ಮಣ್ಣಿನೊಳಗೆ ಕಲಸುವುದು ಬಿಟ್ಟು ಮೇಲೆ ಹೊದಿಸುತ್ತೇನೆ. ಆಗ ಸಾರಜನಕದ ಕಿತ್ತಾಟ ಮೇಲ್ಪದರದಲ್ಲೇ ಮುಗಿಯುತ್ತದೆ, ಬೇರಿನ ತನಕ ಇಳಿಯುವುದಿಲ್ಲ.