ಕ್ಯಾಲ್ಗರಿಯ ಚಳಿಗಾಲ, ಜಲ್ಲಿ ರಸ್ತೆ, ಎಂಎಕ್ಸ್-5 ಮೇಲಿನ ಪಿಪಿಎಫ್: ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕಾರಿನ ಮುಂಭಾಗಕ್ಕೆ ಹಾಕಿಸಿದ ಪಿಪಿಎಫ್, ಅಂದರೆ ಬಣ್ಣ ಕಾಪಾಡುವ ಪಾರದರ್ಶಕ ಫಿಲ್ಮ್, ಕೊಟ್ಟ ದುಡ್ಡಿಗೆ ಮೋಸ ಮಾಡಿಲ್ಲ. ಇಡೀ ಕಾರಿಗೆ ಹಾಕಿಸಿ ಅಂತ ಅಂಗಡಿಯವರು ಹೇಳಿದರೆ ಮಾತ್ರ ಸುಮ್ನೆ ತಲೆಯಾಡಿಸಿ ಎದ್ದು ಬನ್ನಿ.

ನಾನಿರುವುದು ಕೆನಡಾದ ಕ್ಯಾಲ್ಗರಿಯಲ್ಲಿ, ನನ್ನದು ಮಜ್ದಾ ಎಂಎಕ್ಸ್-5 ಕಾರು. ಸಾವಿರ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಕ, ಎರಡೇ ಸೀಟು, ರಿಯರ್ ವೀಲ್ ಡ್ರೈವ್, ಅಂದರೆ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಇದನ್ನು ಚಳಿಗಾಲದಲ್ಲೂ ಓಡಿಸುತ್ತೀಯಾ ಅಂತ ಊರಿಂದ ಫೋನ್ ಬಂದಾಗಲೆಲ್ಲ ಕೇಳುತ್ತಾರೆ. ಓಡಿಸುತ್ತೇನೆ. ಒಳ್ಳೆ ವಿಂಟರ್ ಟೈರ್ ಇದ್ದರೆ ಹಿಮ ಹೇಗೋ ನಡೆಯುತ್ತದೆ, ಜಲ್ಲಿಯ ಕಾಟವೇ ಜಾಸ್ತಿ.

ಇಲ್ಲಿ ಮೈನಸ್ 20 ಆದರೆ ಬರೀ ಉಪ್ಪಿನಿಂದ ಐಸ್ ಕರಗಲ್ಲ. ಹಾಗಾಗಿ ರಸ್ತೆಗೆ ಸ್ವಲ್ಪ ಉಪ್ಪು ಬೆರೆಸಿದ ಸಣ್ಣ ಜಲ್ಲಿ ಹಾಕುತ್ತಾರೆ. ಐಸ್ ಮೇಲೆ ಅದು ಹಿಡಿತ ಕೊಡುತ್ತದೆ, ಇಲ್ಲ ಅನ್ನಲ್ಲ. ಆಮೇಲೆ ರಾಕೀಸ್ ಬೆಟ್ಟಗಳ ಕಡೆಯಿಂದ ಚಿನೂಕ್ ಬಿಸಿಗಾಳಿ ಬೀಸಿ, ಕೆಲವೇ ಗಂಟೆಯಲ್ಲಿ ಹತ್ತಿಪ್ಪತ್ತು ಡಿಗ್ರಿ ಏರಿ, ಐಸೆಲ್ಲ ಕರಗಿ ರಸ್ತೆ ಒಣಗಿಬಿಡುತ್ತದೆ, ಜಲ್ಲಿ ಮಾತ್ರ ಅಲ್ಲೇ ಬಿದ್ದಿರುತ್ತದೆ. ಚಳಿಗಾಲ ಮುಗಿದು ಗುಡಿಸುವ ಗಾಡಿ ಬರಬೇಕು, ಆಗಲೇ ಅದಕ್ಕೆ ಮುಕ್ತಿ. ರಸ್ತೆ ಒಣಗಿದೆ ಅಂತ ತಿರುವಿನಲ್ಲಿ ಧೈರ್ಯವಾಗಿ ಆಕ್ಸಿಲರೇಟರ್ ತುಳಿದರೆ ರಾಗಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ ಹಿಂಭಾಗ ಜಾರುತ್ತದೆ. ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಟರ್ರ್ ಅನ್ನುತ್ತದೆ, ಕಾರು ಇನ್ನೂ ಮುಂದೆ ಹೋಗುತ್ತಲೇ ಇರುತ್ತದೆ. ಸಿಗ್ನಲ್ ಹತ್ತಿರ ಬರುವಾಗ ದೂರದಿಂದಲೇ ನಿಧಾನ ಮಾಡಿ.

ಇನ್ನು ಫಿಲ್ಮ್ ವಿಷಯ. ಇಲ್ಲಿನ ಹೆದ್ದಾರಿ ಡೀರ್‌ಫೂಟ್ ಟ್ರೇಲ್‌ನಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಬಾನೆಟ್ ಮೇಲೆ ಪಟಪಟ ಅಂತ ಕಲ್ಲು ಬೀಳುತ್ತವೆ. ತೊಳೆದು ಬಗ್ಗಿ ನೋಡಿದರೆ ಫಿಲ್ಮ್ ಮೇಲೆ ಸಣ್ಣ ಸಣ್ಣ ಬಿಳಿ ಗಾಯ, ಕೆಳಗಿನ ಬಣ್ಣ ಹಾಗೇ ಇದೆ. ಸುಮಾರು 0.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಇಷ್ಟು ತಡೆಯುತ್ತದಲ್ಲ, ಮೆಚ್ಚಬೇಕು. ಆದರೆ ಗೀರು ತಾನೇ ವಾಸಿಯಾಗುತ್ತದೆ ಅಂತ ಹೇಳುತ್ತಾರಲ್ವಾ, ಅದು ಬಟ್ಟೆ ಉಜ್ಜಿದ ಗೆರೆಗೆ, ಅದೂ ಬಿಸಿಲೋ ಬಿಸಿನೀರೋ ಬಿದ್ದರೆ. ಕಲ್ಲು ಹೊಕ್ಕ ಜಾಗ ಯಾವತ್ತೂ ಕೂಡಿಕೊಳ್ಳಲ್ಲ. ಬಂಪರ್ ಅಂಚಿನಲ್ಲಿ ಫಿಲ್ಮ್ ಸ್ವಲ್ಪ ಎದ್ದು ಕಪ್ಪು ಗೆರೆ ಕೂತಿದೆ, ತಿಳಿ ಬಣ್ಣದ ಕಾರಾದರೆ ಎದ್ದು ಕಾಣುತ್ತದೆ.

ಮುಂಭಾಗದ ಫಿಲ್ಮ್ ಪ್ಯಾಕೇಜಿನಲ್ಲಿ ಇಲ್ಲದ್ದೇ ಮುಖ್ಯ ಜಾಗ. ನಮ್ಮ ಕಾರಿನ ಮುಂದಿನ ಟೈರೇ ಎರಚುವ ಕಲ್ಲು ಬಾಗಿಲ ಕೆಳಗೆ, ಹಿಂದಿನ ಚಕ್ರದ ಮುಂದೆ ಹೋಗಿ ಬಡಿಯುತ್ತದೆ. ಅಲ್ಲಿ ಬಣ್ಣ ಮೊದಲು ಹೋಗುತ್ತದೆ. ಅಷ್ಟಕ್ಕೆ ಬೇರೆಯಾಗಿ ಕೇಳಿ ಹಾಕಿಸಿ, ಮಡ್ ಫ್ಲಾಪ್ ಕೂಡ.

ಇನ್ನೊಂದು. ಕಲ್ಲೊಂದು ಬ್ರೇಕ್ ಡಿಸ್ಕ್ ಮತ್ತು ಹಿಂದಿನ ತಗಡಿನ ಮಧ್ಯೆ ಸಿಕ್ಕಿಕೊಂಡರೆ ಕಿರ್ರ್ ಅಂತ ಎಂಥ ಸದ್ದು ಬರುತ್ತದೆ ಅಂದರೆ, ಬೇರಿಂಗೇ ಹೋಯ್ತು ಅನಿಸುತ್ತದೆ. ಗ್ಯಾರೇಜಿಗೆ ಓಡುವ ಮುಂಚೆ ನಿಧಾನವಾಗಿ ಒಂದೆರಡು ಸಲ ರಿವರ್ಸ್ ತೆಗೆದು ನೋಡಿ, ಎಷ್ಟೋ ಸಲ ಅಷ್ಟಕ್ಕೇ ಬಿದ್ದುಹೋಗುತ್ತದೆ.

ಮುಂದಿನ ಗಾಜಿಗೆ ಈ ಫಿಲ್ಮ್‌ನಿಂದ ಏನೂ ಉಪಯೋಗ ಇಲ್ಲ. ಗಾಜಿನ ಮೇಲೆ ಸಣ್ಣ ಚುಕ್ಕೆ ಬಿದ್ದ ತಕ್ಷಣ ರೆಸಿನ್ ತುಂಬಿಸಿಬಿಡಿ. ಬಿಟ್ಟರೆ ಚಳಿ ಬೆಳಿಗ್ಗೆ ಗಾಜಿಗೆ ಬಿಸಿಗಾಳಿ ಬಿಡುವ ಡಿಫ್ರಾಸ್ಟರ್ ಹಾಕಿದಾಗ ಬಿರುಕು ಕಣ್ಣೆದುರೇ ಉದ್ದವಾಗುತ್ತದೆ. ಇನ್ಶೂರೆನ್ಸ್‌ನಲ್ಲಿ ಗಾಜಿಗೆ ಕವರ್ ಇದೆಯಾ ಅಂತ ಅಕ್ಟೋಬರ್ ಒಳಗೇ ನೋಡಿಕೊಳ್ಳಿ.